ನಂಜಮ್ಮ ಬರೆದ ಲೆಕ್ಕ

ತುಮಕೂರಿನ ಸದಾಶಿವನಗರದ ಒಂದು ಮನೆಯಲ್ಲಿ ನಡೆದ ಮಾತು ಇದು. ಒಬ್ಬರು ಗುಬ್ಬಿ, ಕುಣಿಗಲ್ ತಾಲ್ಲೂಕುಗಳಲ್ಲಿ ಗ್ರಾಮಲೆಕ್ಕಿಗರಾಗಿ, ಆಮೇಲೆ ರೆವಿನ್ಯೂ ಇನ್‌ಸ್ಪೆಕ್ಟರಾಗಿ ಕೆಲಸ ಮಾಡಿ ನಿವೃತ್ತರಾದವರು. ಇನ್ನೊಬ್ಬಳು ಅವರ ತಮ್ಮನ ಮಗಳು, ಕನ್ನಡ ಎಂ.ಎ. ಕೊನೆಯ ವರ್ಷದಲ್ಲಿದ್ದಾಳೆ. ಎಸ್.ಎಲ್. ಭೈರಪ್ಪನವರ ಬಗ್ಗೆ ಸೆಮಿನಾರಿಗೆ ಪ್ರಬಂಧ ಬರೆಯಬೇಕಾಗಿದೆ.

— ದೊಡ್ಡಪ್ಪ, ನನಗೆ ಕೊಟ್ಟಿರೋ ವಿಷಯ ‘ಸಂಪ್ರದಾಯದ ಪರ ನಿಂತ ಕಾದಂಬರಿಕಾರ’ ಅಂತ. ಲೈಬ್ರರಿಯಲ್ಲಿ ಹುಡುಕಿದರೆ ಎರಡೇ ಥರದ ಬರಹ ಸಿಗುತ್ತೆ. ಒಂದು ಕಡೆಯವರಿಗೆ ಅವರು ಋಷಿ. ಇನ್ನೊಂದು ಕಡೆಯವರಿಗೆ ಹಳೇ ವ್ಯವಸ್ಥೆಯ ವಕೀಲ. ಎರಡನ್ನೂ ಓದಿದ ಮೇಲೆ ನನಗೆ ಅನ್ನಿಸಿದ್ದು, ಇವರಲ್ಲಿ ಬಹಳ ಜನ ಕಾದಂಬರಿ ಪೂರ್ತಿ ಓದಿದ ಹಾಗೆ ಕಾಣಲ್ಲ.

— ನೀನು ಓದಿದ್ದೀಯಾ?

— ವಂಶವೃಕ್ಷ, ಗೃಹಭಂಗ, ದಾಟು, ಪರ್ವ, ಮಂದ್ರ, ಆವರಣ, ಕವಲು. ಅವರ ಆತ್ಮಕಥೆ ಭಿತ್ತಿಯನ್ನ ಈಗ ಓದ್ತಾ ಇದ್ದೀನಿ. ಗೃಹಭಂಗದಲ್ಲಿ ಪ್ಲೇಗಿನ ಭಾಗ ಬಂದಾಗ ಒಂದೆರಡು ದಿನ ಪುಸ್ತಕ ಮುಟ್ಟೋಕಾಗಲಿಲ್ಲ.

— ಎಲ್ಲರಿಗೂ ಹಾಗೇ ಆಗುತ್ತೆ. ಗೃಹಭಂಗ ಅಂದ ತಕ್ಷಣ ಜನಕ್ಕೆ ನೆನಪಾಗೋದು ಸಾವು. ನನಗೆ ಮಾತ್ರ ನೆನಪಾಗೋದು ಪಹಣಿ.

— ಪಹಣಿಯಾ?

— ಹೌದು ಕಣಮ್ಮ. ಗೃಹಭಂಗದ ನಂಜಮ್ಮನ ಗಂಡ ಚೆನ್ನಿಗರಾಯ ಶ್ಯಾನುಭೋಗ. ಹೆಸರಿಗೆ ಮಾತ್ರ. ಲೆಕ್ಕ ಬರೆಯೋಕೆ ಬರಲ್ಲ, ಬರೆಯೋ ಇಷ್ಟವೂ ಇಲ್ಲ, ಊಟ ಒಂದು ಬಿಟ್ಟು ಬೇರೆ ಯಾವುದರ ಮೇಲೂ ಗಮನ ಇಲ್ಲ. ಆ ಹೆಣ್ಣುಮಗಳು ಕೂತು ಕಲಿತು, ಗೆರೆ ಎಳೆದು, ಊರಿನ ಲೆಕ್ಕವನ್ನೆಲ್ಲ ಬರೆಯುತ್ತಾಳೆ. ಸರ್ಕಾರದ ಕಣ್ಣಿಗೆ ಶ್ಯಾನುಭೋಗ ಗಂಡ. ಪೋಟಿಗೆ ಅನ್ನೋ ಸಂಭಾವನೆ ಸಿಗೋದೂ ಗಂಡನ ಹೆಸರಿಗೇ. ನಾನು ಕೆಲಸಕ್ಕೆ ಸೇರೋ ಹೊತ್ತಿಗೆ ಶ್ಯಾನುಭೋಗಿಕೆ ಹೋಗಿತ್ತು. 1961ರ ಕಾಯಿದೆ ಬಂದು, 1963ರ ಫೆಬ್ರವರಿಯಿಂದ ವಂಶಪಾರಂಪರ್ಯದ ಗ್ರಾಮಾಧಿಕಾರಗಳೆಲ್ಲ ರದ್ದಾದವು. ಆ ಜಾಗಕ್ಕೆ ಸಂಬಳದ ಗ್ರಾಮಲೆಕ್ಕಿಗರಾಗಿ ಬಂದವರು ನಾವು. ಆದರೆ ಹಳೇ ದಫ್ತರಗಳು ಇದ್ದವು. ಕೆಂಪು ಬಟ್ಟೆಯಲ್ಲಿ ಕಟ್ಟಿದ ಗಂಟುಗಳು, ಬಿಚ್ಚಿದರೆ ಧೂಳು, ನುಸಿ. ಗುಬ್ಬಿ ಕಡೆ ಒಂದು ಊರಿನ ದಫ್ತರ ಬಿಚ್ಚಿದಾಗ ನೋಡಿದೆ. ಒಳಗಿನ ಬರಹ ದುಂಡಗೆ, ಒಂದೇ ಅಳತೆ, ಒಂದು ಅಂಕಿಯೂ ಗೆರೆ ಬಿಟ್ಟು ಆಚೆ ಹೋಗಿರಲಿಲ್ಲ. ಕೆಳಗೆ ರುಜು ಮಾತ್ರ ಬೇರೆ ಕೈ, ಸೊಟ್ಟಗೆ, ಮಸಿ ಚೆಲ್ಲಿಕೊಂಡು. ಊರಿನ ಹಿರಿಯರನ್ನ ಕೇಳಿದರೆ, ‘ಬರೀತಿದ್ದೋರು ಅಮ್ಮಾವ್ರು, ರುಜು ಹಾಕ್ತಿದ್ದೋರು ಅಯ್ಯನೋರು’ ಅಂದರು. ಅಷ್ಟು ಹೊತ್ತಿಗೆ ನಾನು ಗೃಹಭಂಗ ಓದಿದ್ದೆ. ಇದು ಬರೀ ಕತೆಯಲ್ಲ ಅಂತ ಅವತ್ತು ಗೊತ್ತಾಯಿತು.

— ಅವರ ಊರೂ ನಮಗೆ ದೂರ ಇಲ್ಲವಲ್ಲ.

— ದೂರ ಏನು ಬಂತು? ತಿಪಟೂರು ದಾಟಿದರೆ ಚನ್ನರಾಯಪಟ್ಟಣ ತಾಲ್ಲೂಕು. ಅಲ್ಲಿ ಸಂತೇಶಿವರ. ಗೃಹಭಂಗ ನಡೆಯೋದು ಇದೇ ಸೀಮೆಯಲ್ಲಿ, 1920ರಿಂದ 40ರ ಆಸುಪಾಸು. ಅಲ್ಲಿಯ ಮಾತು, ಬೈಗುಳ, ತೆಂಗಿನ ತೋಟ, ಬರ, ಕಂದಾಯ ವಸೂಲಿ ಎಲ್ಲ ನಮ್ಮದೇ. ನಂಜಮ್ಮನ ಅತ್ತೆ ಗಂಗಮ್ಮ ಬಯ್ಯೋದನ್ನ ಓದಿದರೆ ನಮ್ಮ ಅಜ್ಜಿಯ ಕಾಲದ ಬೀದಿ ಕಿವಿಗೆ ಬೀಳುತ್ತೆ. ಇನ್ನೊಂದು ನೋಡು, ಮುತ್ತುಗದ ಎಲೆ. ಅದನ್ನ ಅವರು ಎಷ್ಟು ತಿಳಿದು ಬರೆದಿದ್ದಾರೆ! ಎಲೆ ಕೊಯ್ದು ಹೊರೆ ಕಟ್ಟಿ ತರಬೇಕು, ಸರ ಪೋಣಿಸಿ ಒಣಗಿಸಬೇಕು, ಆಮೇಲೆ ನೀರು ಚಿಮುಕಿಸಿ ಮೆತ್ತಗೆ ಮಾಡಿ ಕಡ್ಡಿ ಚುಚ್ಚಿ ಹಚ್ಚಬೇಕು. ಕಡ್ಡಿ ಸ್ವಲ್ಪ ದಪ್ಪ ಆದರೂ ಎಲೆ ಸೀಳುತ್ತೆ. ಹಚ್ಚಿದ ಎಲೆಗಳನ್ನ ಕಟ್ಟು ಕಟ್ಟಿ ಮಾರಿದರೆ ಕೈಗೆ ನಾಲ್ಕು ಕಾಸು. ಆ ಕಾಸಲ್ಲಿ ನಂಜಮ್ಮ ಮಕ್ಕಳನ್ನ ಓದಿಸ್ತಾಳೆ. ಲೆಕ್ಕ ಬರೆದ ಕೈಯೇ ಎಲೆ ಹಚ್ಚುತ್ತೆ. ಈ ಎರಡು ಕೆಲಸವನ್ನ ಬಿಟ್ಟು ಭೈರಪ್ಪನವರ ವಿಚಾರ ಶುರು ಮಾಡಿದರೆ ನಿನ್ನ ಪ್ರಬಂಧ ಗಾಳಿಯಲ್ಲೇ ನಿಲ್ಲುತ್ತೆ.

— ಆದರೆ ಪ್ರಬಂಧ ನಂಜಮ್ಮನ ಮೇಲಲ್ಲ ದೊಡ್ಡಪ್ಪ, ಅವರ ಮೇಲೆ. ಅವರ ಬದುಕು, ಅವರ ನಿಲುವು.

— ಅವರ ಬದುಕೇ ಅದು. 1931ರಲ್ಲಿ ಹುಟ್ಟಿದ ಹುಡುಗ. ತಾಯಿ ಗೌರಮ್ಮನನ್ನೂ ಒಡಹುಟ್ಟಿದವರನ್ನೂ ಚಿಕ್ಕಂದಿನಲ್ಲೇ ಕಳಕೊಂಡವರು. ಪ್ಲೇಗು ಅಂದರೆ ಏನು ಅಂತ ನಿಮ್ಮ ಕಾಲದವರಿಗೆ ಗೊತ್ತಿಲ್ಲ. ಮನೆಯಲ್ಲಿ ಇಲಿ ಬಿತ್ತು ಅಂದರೆ ಊರಿಗೆ ಊರೇ ಖಾಲಿ ಮಾಡಿ ಹೊಲದಲ್ಲಿ ಗುಡಿಸಲು ಹಾಕ್ಕೊಂಡು ಇರ್ತಿದ್ದರು. ತಮ್ಮ ಸತ್ತಾಗ ಆ ಹೆಣವನ್ನ ತಾವೇ ಹೆಗಲ ಮೇಲೆ ಹೊತ್ತುಕೊಂಡು ಸುಡುಗಾಡಿಗೆ ಹೋಗಿದ್ದನ್ನ ಭಿತ್ತಿಯಲ್ಲಿ ಬರೆದಿದ್ದಾರೆ. ಹೊರೋಕೆ ಇನ್ನೊಬ್ಬರು ಬರಲಿಲ್ಲ. ಆಮೇಲೆ ವಾರಾನ್ನ, ಊದುಬತ್ತಿ ಮಾರೋದು. ನಡುವೆ ಶಾಲೆ ಬಿಟ್ಟು ಊರೂರು ಅಲೆದಾಟ, ಮುಂಬಯಿ ರೈಲ್ವೆ ಸ್ಟೇಷನ್ನಿನಲ್ಲಿ ಕೂಲಿ, ಸಾಧುಗಳ ಜೊತೆ ತಿರುಗಾಟ. ಕೊನೆಗೆ ಮೈಸೂರಿಗೆ ವಾಪಸು ಬಂದು ಓದು. ತತ್ವಶಾಸ್ತ್ರವನ್ನೇ ಆರಿಸಿಕೊಂಡಿದ್ದು ಯಾಕೆ ಗೊತ್ತಾ? ಸಾವು ಅಂದರೆ ಏನು ಅನ್ನೋ ಪ್ರಶ್ನೆ ಆ ಹುಡುಗನನ್ನ ಬಿಟ್ಟಿರಲಿಲ್ಲ. ಮೈಸೂರಿನಲ್ಲಿ ಯಾಮುನಾಚಾರ್ಯರು ಸಿಕ್ಕರು, ದಾರಿ ತೋರಿಸಿದರು. ಎಂ.ಎ.ಯಲ್ಲಿ ಚಿನ್ನದ ಪದಕ. ಬರೋಡಾದಲ್ಲಿ ಪಿಎಚ್.ಡಿ., ವಿಷಯ ‘ಸತ್ಯ ಮತ್ತು ಸೌಂದರ್ಯ’. ಹುಬ್ಬಳ್ಳಿ, ಗುಜರಾತು, ದೆಹಲಿಯ ಎನ್‌ಸಿಇಆರ್‌ಟಿ, ಮತ್ತೆ ಮೈಸೂರು. 1991ರಲ್ಲಿ ನಿವೃತ್ತಿ.

— ಇಲ್ಲೇ ನನಗೊಂದು ಬೇರೆ ಹೆಸರು ನೆನಪಾಗುತ್ತೆ. ತೌಲನಿಕ ಸಾಹಿತ್ಯದ ಪತ್ರಿಕೆಗೆ ಓದಿದ್ದು. ಸ್ಪೇನಿನ ಹೊಸೆ ಮರಿಯಾ ದೆ ಪೆರೇದ.

— ಯಾರಮ್ಮ ಅವರು?

— ಹತ್ತೊಂಬತ್ತನೇ ಶತಮಾನದ ಕಾದಂಬರಿಕಾರ, 1833ರಿಂದ 1906ರವರೆಗೆ ಬದುಕಿದ್ದವರು. ಸ್ಪೇನಿನ ಉತ್ತರಕ್ಕೆ ಕಾಂತಾಬ್ರಿಯ ಅಂತ ಮಲೆನಾಡು, ಅಲ್ಲಿಯ ಪೊಲಾಂಕೊ ಅನ್ನೋ ಊರಿನವರು. ರಾಜಕೀಯದಲ್ಲಿ ಪಕ್ಕಾ ಹಳೇ ಪಂಥ. ಸನಾತನ ರಾಜವಂಶ ವಾಪಸು ಬರಬೇಕು ಅನ್ನೋ ಕಾರ್ಲಿಸ್ಟರ ಪಕ್ಷದಿಂದ 1871ರಲ್ಲಿ ಪಾರ್ಲಿಮೆಂಟಿಗೂ ಹೋಗಿದ್ದರು. ಅವರ ದೊಡ್ಡ ಕಾದಂಬರಿ ‘ಪೆನ್ಯಾಸ್ ಅರೀಬ’, 1895ರದು. ಮ್ಯಾಡ್ರಿಡ್‌ನಲ್ಲಿ ಬೆಳೆದ ಹುಡುಗ ಮುದುಕ ಚಿಕ್ಕಪ್ಪ ಕರೆಸಿಕೊಂಡ ಅಂತ ಬೆಟ್ಟದ ಊರಿಗೆ ಹೋಗುತ್ತಾನೆ, ಆ ಊರಿನ ಹಿರಿತನವನ್ನೇ ತನ್ನ ಬದುಕು ಮಾಡಿಕೊಳ್ಳುತ್ತಾನೆ. ಅದನ್ನ ಬರೆಯುತ್ತಿರುವಾಗಲೇ, 1893ರಲ್ಲಿ, ಅವರ ದೊಡ್ಡ ಮಗ ತನ್ನ ಜೀವ ತಾನೇ ಕಳಕೊಂಡ. ಹಸ್ತಪ್ರತಿಯಲ್ಲಿ ಆ ಜಾಗಕ್ಕೆ ಶಿಲುಬೆಯ ಗುರುತು ಹಾಕಿ ನಿಲ್ಲಿಸಿದರು. ಎಷ್ಟೋ ದಿನದ ಮೇಲೆ ಅಲ್ಲಿಂದಲೇ ಮುಂದುವರಿಸಿ ಮುಗಿಸಿದರು.

— ಅಯ್ಯೋ. ಮುಗಿಸಿದರಲ್ಲ, ಅದು ದೊಡ್ಡದು.

— ಇಬ್ಬರೂ ಹಳ್ಳಿಯ ಲೇಖಕರು, ಇಬ್ಬರೂ ಸಾವನ್ನ ಹತ್ತಿರದಿಂದ ಕಂಡವರು, ಇಬ್ಬರಿಗೂ ಹಳೇ ಪಂಥದವರು ಅನ್ನೋ ಹೆಸರು. ಪಕ್ಕಪಕ್ಕ ಇಟ್ಟು ಬರೆಯೋಣ ಅಂದುಕೊಂಡಿದ್ದೆ. ಆದರೆ ನೀವು ಈಗ ಹೇಳಿದ್ದು ಕೇಳಿದ ಮೇಲೆ ಅವರಿಬ್ಬರಲ್ಲಿ ದೊಡ್ಡ ವ್ಯತ್ಯಾಸ ಇದೆ ಅನ್ನಿಸ್ತಿದೆ. ಪೆರೇದ ಅನುಕೂಲಸ್ಥ ಜಮೀನುದಾರರ ಮನೆಯವರು. ಬೆಟ್ಟದ ಊರಿನಲ್ಲಿ ಹಿರಿಯ ಯಜಮಾನ ಎಲ್ಲರನ್ನೂ ತಂದೆಯ ಹಾಗೆ ನೋಡಿಕೊಳ್ಳುತ್ತಾನೆ ಅಂತ ಬರೆಯೋಕೆ ಅವರಿಗೆ ಒಂದು ನೆನಪು ಇತ್ತು. ಕಳೆದುಹೋಗ್ತಿರೋ ಚೆಂದದ ಮನೆಯೊಂದು ಅವರಿಗೆ ಇತ್ತು. ಭೈರಪ್ಪನವರಿಗೆ ಅದು ಎಲ್ಲಿತ್ತು?

— ಅದನ್ನೇ ಬರಿ! ಇಷ್ಟು ಹೊತ್ತು ನಾನು ಹೇಳಬೇಕು ಅಂತ ಒದ್ದಾಡ್ತಿದ್ದದ್ದು ಅದೇ. ಅವರು ಹಿಂದಕ್ಕೆ ಹೋಗಿ ತಬ್ಬಿಕೊಳ್ಳೋಕೆ ಒಂದು ಸುಖದ ಹಳೇ ಮನೆ ಇರಲೇ ಇಲ್ಲ. ಗೃಹಭಂಗದಲ್ಲಿ ಮನೆ ಮುರಿದಿದ್ದು ಇಂಗ್ಲಿಷ್ ಓದಿದ ಸೊಸೆಯಿಂದಲೂ ಅಲ್ಲ, ಪಟ್ಟಣದಿಂದ ಬಂದ ಹೊಸ ಗಾಳಿಯಿಂದಲೂ ಅಲ್ಲ. ಮಡಿ ಉಟ್ಟ ಅತ್ತೆಯಿಂದ, ಜನಿವಾರ ಹಾಕಿದ ಸೋಮಾರಿ ಗಂಡನಿಂದ, ಬಾಯಿಬಡುಕ ಮೈದುನನಿಂದ. ಆ ಹೆಂಗಸಿಗೆ ಕಷ್ಟದಲ್ಲಿ ಆಸರೆ ಆದವರು ಯಾರು? ಜಂಗಮ ಮಾದೇವಯ್ಯನವರು. ಭಿಕ್ಷೆ ಬೇಡಿ ಬದುಕೋ ಮನುಷ್ಯ, ಬೇರೆ ಜಾತಿ. ಎಲ್ಲ ಮುಗಿದ ಮೇಲೆ ಉಳಿದ ಒಬ್ಬ ಮಗ ವಿಶ್ವನನ್ನ ಕರಕೊಂಡು ಊರು ಬಿಡೋದೂ ಅವರೇ. ಸಂಪ್ರದಾಯವನ್ನ ಎತ್ತಿ ಹಿಡಿಯೋಕೆ ಕೂತ ಲೇಖಕ ಹೀಗೆ ಬರೀತಾನಾ?

— ಹಾಗಾದರೆ ಅವರು ಸಂಪ್ರದಾಯದ ಪರ ಅಲ್ಲ ಅಂತೀರಾ?

— ಅಲ್ಲ ಅನ್ನಲ್ಲ. ಖಂಡಿತ ಅವರಿಗೆ ಉಳಿಸಿಕೊಳ್ಳಬೇಕಾದ್ದು ಒಂದಿತ್ತು. ಋಣ ಅಂತ ಒಂದಿದೆ, ಧರ್ಮ ಅಂತ ಒಂದಿದೆ, ಮನುಷ್ಯ ತನ್ನ ಸುಖಕ್ಕೆ ಮಾತ್ರ ಹುಟ್ಟಿಲ್ಲ ಅನ್ನೋದನ್ನ ಅವರು ಕೊನೆಯವರೆಗೂ ಬಿಡಲಿಲ್ಲ. ತಬ್ಬಲಿಯು ನೀನಾದೆ ಮಗನೆ ನೋಡು, ಅಮೆರಿಕದಲ್ಲಿ ಓದಿ ಬಂದ ಕಾಳಿಂಗ, ಅವನ ಹೆಂಡತಿ ಹಿಲ್ಡಾ, ಊರಿನ ಹಸು. ಅಲ್ಲಿ ಅವರ ಒಲವು ಯಾವ ಕಡೆ ಅಂತ ಯಾರಿಗಾದರೂ ಗೊತ್ತಾಗುತ್ತೆ. ನಾನು ಹೇಳೋದು ಇಷ್ಟೇ: ಉಳಿಸಬೇಕು ಅಂದುಕೊಂಡಿದ್ದನ್ನೇ ಅವರು ಮೊದಲು ತನಿಖೆ ಮಾಡಿದರು. ಒಳ್ಳೇ ಕಾದಂಬರಿಗಳಲ್ಲಿ, ತನಿಖೆಯಲ್ಲಿ ಏನು ಸಿಕ್ಕಿತೋ ಅದನ್ನ ಮುಚ್ಚಿಡಲಿಲ್ಲ.

— ವಂಶವೃಕ್ಷದಲ್ಲಿ ಮುಚ್ಚಿಟ್ಟಿದ್ದಾರೆ ಅಂತ ನನ್ನ ವಾದ.

— ಹೇಳು.

— ಕಾತ್ಯಾಯನಿ. ನಂಜನಗೂಡಿನ ಶ್ರೋತ್ರಿಗಳ ಸೊಸೆ. ಗಂಡ ಕಪಿಲಾ ನದಿಯಲ್ಲಿ ಮುಳುಗಿ ಹೋದ, ಕೈಯಲ್ಲಿ ಒಂದು ಮಗು. ಮೈಸೂರಿಗೆ ಕಾಲೇಜಿಗೆ ಹೋಗ್ತಾಳೆ, ರಾಜ ಅನ್ನೋ ಅಧ್ಯಾಪಕನನ್ನ ಇಷ್ಟಪಟ್ಟು ಮದುವೆ ಆಗ್ತಾಳೆ. ತಪ್ಪೇನಿದೆ? ಆಮೇಲೆ ಅವಳಿಗೆ ಏನಾಗುತ್ತೆ? ಬಸಿರು ನಿಲ್ಲಲ್ಲ. ಮತ್ತೆ ಮತ್ತೆ ಗರ್ಭಪಾತ. ಮೊದಲನೇ ಮಗ ಹತ್ತಿರ ಬರಲ್ಲ. ಕೊರಗಿ ಕೊರಗಿ ಸಾಯ್ತಾಳೆ. ಮರುಮದುವೆ ಆದ ವಿಧವೆಗೆ ಮಕ್ಕಳು ಉಳಿಯಲ್ಲ ಅಂತ ಪ್ರಕೃತಿ ಎಲ್ಲಿಯೂ ಹೇಳಿಲ್ಲ ದೊಡ್ಡಪ್ಪ. ಅದು ಲೇಖಕರ ತೀರ್ಪು. ಅವಳನ್ನ ಶಿಕ್ಷಿಸಿದ್ದು ಕತೆ ಬರೆದ ಕೈ.

— ಪಾಪಪ್ರಜ್ಞೆ ಅಂತ ಒಂದಿರುತ್ತಲ್ಲಮ್ಮ. ಅವಳ ಮನಸ್ಸೇ ಅವಳನ್ನ ತಿಂತು ಅಂತ ಓದಬಹುದು.

— ಓದಬಹುದು. ಆದರೆ ಅದೇ ರಾಜನ ಅಣ್ಣ ಸದಾಶಿವರಾಯ ಕಟ್ಟಿಕೊಂಡ ಹೆಂಡತಿ ನಾಗಲಕ್ಷ್ಮಿ ಇರುವಾಗಲೇ ಕರುಣರತ್ನೆಯನ್ನ ಎರಡನೇ ಮದುವೆ ಆಗ್ತಾನೆ. ಅವನಿಗೆ ಸಂಪುಟ ಸಂಪುಟ ಇತಿಹಾಸ ಬರೆಯೋ ಭಾಗ್ಯ ಸಿಗುತ್ತೆ. ಅವನೂ ಸಾಯ್ತಾನೆ, ನಿಜ. ಆದರೆ ಅವನ ಹಿಂದೆ ಅವನ ಕೆಲಸ ಉಳಿಯುತ್ತೆ. ಕಾತ್ಯಾಯನಿಗೆ ಏನು ಉಳಿಯಿತು? ನಾಗಲಕ್ಷ್ಮಿಗೆ ರಾಮನಾಮ ಬರೆಯೋದು ಬಿಟ್ಟರೆ ಏನು ಉಳಿಯಿತು? ನಮ್ಮ ತರಗತಿಯಲ್ಲಿ ಹುಡುಗಿಯರೆಲ್ಲ ಇದನ್ನ ಕೇಳ್ತೀವಿ. ಉತ್ತರ ಸಿಕ್ಕಿಲ್ಲ.

— ನನ್ನ ಹತ್ತಿರಾನೂ ಇಲ್ಲ. ಆದರೆ ಇನ್ನೊಂದು ಕಡೆಯನ್ನ ನೋಡದೆ ಬಿಡಬೇಡ. ಅದೇ ಕಾದಂಬರಿಯಲ್ಲಿ ಶ್ರೀನಿವಾಸ ಶ್ರೋತ್ರಿಗಳಿಗೆ ಕೊನೆಗೆ ಏನು ಗೊತ್ತಾಗುತ್ತೆ? ಯಾವ ವಂಶ ಶುದ್ಧ ಅಂತ ಇಡೀ ಬದುಕನ್ನ ಅದರ ಮೇಲೆ ನಿಲ್ಲಿಸಿದ್ದರೋ ಆ ವಂಶದ ರಕ್ತವೇ ತಾನಲ್ಲ ಅಂತ. ಆಸ್ತಿಯ ಆಸೆಗೆ, ದಾಯಾದಿಗೆ ಹೋಗಬಾರದು ಅನ್ನೋ ಹಟಕ್ಕೆ, ಅಪ್ಪ ಅಂದುಕೊಂಡವರು ಬೇರೆಯವರಿಂದ ಮಗನನ್ನ ಪಡೆದಿದ್ದರು. ವಂಶವೃಕ್ಷ ಅಂತ ಹೆಸರಿಟ್ಟು ಆ ಮರದ ಬೇರಿಗೇ ಕೊಡಲಿ ಹಾಕಿದ್ದಾರೆ. ಶ್ರೋತ್ರಿಗಳು ಏನು ಮಾಡ್ತಾರೆ? ಯಾರಿಗೂ ಗೊತ್ತಿಲ್ಲದ ಸತ್ಯ, ಹಾಗೇ ಇಟ್ಟುಕೊಂಡು ಸಾಯಬಹುದಿತ್ತು. ಇಲ್ಲ, ಈ ಆಸ್ತಿ ನನ್ನದಲ್ಲ ಅಂತ ಬಿಟ್ಟು ಹೊರಡ್ತಾರೆ. 1965ರಲ್ಲಿ, ಮೂವತ್ತನಾಲ್ಕು ವಯಸ್ಸಿನ ಲೇಖಕ ಇದನ್ನ ಬರೆದದ್ದು. ಮಡಿವಂತರಿಗೆ ಅದನ್ನ ಓದಿ ಸಂತೋಷ ಆಗಿರುತ್ತಾ?

— ಆಗಿರಲಿಕ್ಕಿಲ್ಲ. ಆದರೆ ಶ್ರೋತ್ರಿಗಳು ಸೋತರೂ ಎತ್ತರದಲ್ಲೇ ಉಳೀತಾರೆ. ಕಾತ್ಯಾಯನಿ ಸೋತು ನೆಲಕ್ಕೆ ಬೀಳ್ತಾಳೆ. ಇಬ್ಬರಿಗೂ ಒಂದೇ ಅಳತೆ ಹಿಡಿದಿಲ್ಲ.

— ಹಾಗೇ ಬರಿ. ಅದನ್ನ ತಿದ್ದು ಅಂತ ನಾನು ಹೇಳಲ್ಲ. ಆದರೆ ಒಂದು ವಿಷಯ ಗಮನಿಸು. ವಂಶವೃಕ್ಷವನ್ನ ಸಿನಿಮಾ ಮಾಡಿದವರು ಯಾರು? ಬಿ.ವಿ. ಕಾರಂತ, ಗಿರೀಶ ಕಾರ್ನಾಡ. 1972ರಲ್ಲಿ ತೆರೆಗೆ ಬಂತು, ಇಬ್ಬರಿಗೂ ನಿರ್ದೇಶನಕ್ಕೆ ರಾಷ್ಟ್ರಪ್ರಶಸ್ತಿ. ತಬ್ಬಲಿಯು ನೀನಾದೆ ಮಗನೆಯೂ ಅವರದ್ದೇ. ಮತದಾನ ಮಾಡಿದ್ದು ಟಿ.ಎನ್. ಸೀತಾರಾಂ. ನಾಯಿನೆರಳು ಕಾಸರವಳ್ಳಿ, ಗೃಹಭಂಗದ ಸೀರಿಯಲ್ಲೂ ಅವರೇ. ಇವರಲ್ಲಿ ಒಬ್ಬರೂ ಭೈರಪ್ಪನವರ ವಿಚಾರಕ್ಕೆ ಸೇರಿದವರಲ್ಲ. ನಾಯಿನೆರಳನ್ನಂತೂ ಕಾಸರವಳ್ಳಿ ಕತೆಯ ಹೆಣ್ಣಿನ ಕಣ್ಣಿನಿಂದಲೇ ನೋಡಿದರು. ಲೇಖಕನ ಅಭಿಪ್ರಾಯಕ್ಕಿಂತ ಅವನ ಕತೆಯಲ್ಲಿ ಹೆಚ್ಚಿನದು ಇತ್ತು, ಅದಕ್ಕೇ ಎದುರು ಪಕ್ಷದವರೂ ಅಲ್ಲಿಗೆ ಬಂದು ತೋಡಿಕೊಂಡರು.

— ಪೆರೇದ ಅವರ ವಿಚಾರದಲ್ಲೂ ಹೀಗೊಂದು ಇದೆ. ಅವರ ಪರಮ ಸ್ನೇಹಿತರು ಬೆನಿತೊ ಪೆರೆಸ್ ಗಾಲ್ದೋಸ್. ಗಾಲ್ದೋಸ್ ಉದಾರವಾದಿ, ಚರ್ಚಿನ ಯಜಮಾನಿಕೆಯನ್ನ ಕಟುವಾಗಿ ಟೀಕಿಸಿ ಕಾದಂಬರಿ ಬರೆದವರು. ಆ ವಿಷಯಕ್ಕೆ ಇಬ್ಬರೂ ಪತ್ರದಲ್ಲಿ ಜಗಳ ಆಡಿದ್ದಾರೆ. ಆದರೂ 1882ರಲ್ಲಿ ಪೆರೇದ ಅವರ ಕಾದಂಬರಿಗೆ ಮುನ್ನುಡಿ ಬರೆದದ್ದು ಗಾಲ್ದೋಸ್. 1897ರಲ್ಲಿ ಪೆರೇದ ಸ್ಪ್ಯಾನಿಷ್ ಅಕಾಡೆಮಿಗೆ ಸೇರಿದಾಗ ಅವರನ್ನ ಸ್ವಾಗತಿಸಿ ಭಾಷಣ ಮಾಡಿದ್ದೂ ಅವರೇ. ಇದನ್ನ ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ನಮ್ಮಲ್ಲಿ ಅನಂತಮೂರ್ತಿ, ಭೈರಪ್ಪ. ಒಂದೇ ಕಾಲದವರು, ಮೈಸೂರಿನಲ್ಲೇ ಓದಿದವರು, ಇಬ್ಬರೂ ಬ್ರಾಹ್ಮಣರ ಮನೆಯೊಳಗಿನ ಕೊಳೆತವನ್ನ ಬಿಚ್ಚಿಟ್ಟವರು. ವಂಶವೃಕ್ಷವೂ ಅನಂತಮೂರ್ತಿಯವರ ಸಂಸ್ಕಾರವೂ ಬಂದಿದ್ದು 1965ರಲ್ಲೇ! ಆದರೆ ಒಬ್ಬರ ಪುಸ್ತಕಕ್ಕೆ ಇನ್ನೊಬ್ಬರು ಮುನ್ನುಡಿ ಬರೆಯೋದನ್ನ ಊಹಿಸೋಕೂ ಆಗಲ್ಲ.

— ಅದು ನಮ್ಮ ನಷ್ಟ ಕಣಮ್ಮ. ಆ ಎರಡು ಪುಸ್ತಕವನ್ನ ಪಕ್ಕಪಕ್ಕ ಇಟ್ಟು ಪಾಠ ಮಾಡಿದ ಮೇಷ್ಟ್ರುಗಳು ಎಷ್ಟು ಜನ? ನವ್ಯದವರು ಭೈರಪ್ಪನವರನ್ನ ಬಹಳ ಕಾಲ ಗಣನೆಗೇ ತಗೊಳ್ಳಲಿಲ್ಲ. ಶೈಲಿ ಇಲ್ಲ, ಬರೀ ಕತೆ ಹೇಳ್ತಾರೆ ಅಂದರು. ಓದುಗರು ಮಾತ್ರ ಬಿಡಲಿಲ್ಲ. ನಮ್ಮ ಜಿಲ್ಲಾ ಕೇಂದ್ರ ಗ್ರಂಥಾಲಯದಲ್ಲಿ ಅವರ ಪುಸ್ತಕಗಳಿಗೆ ಹಿಂದಿನಿಂದಲೂ ರಟ್ಟು ನಿಲ್ತಿರಲಿಲ್ಲ. ಮಹಾರಾಷ್ಟ್ರದಲ್ಲಿ ಉಮಾ ಕುಲಕರ್ಣಿಯವರ ಅನುವಾದ ಓದಿ ಜನ ಅವರನ್ನ ಮರಾಠಿ ಲೇಖಕರು ಅನ್ನೋ ಹಾಗೆ ಹಚ್ಚಿಕೊಂಡರು. ನವೋದಯ, ಪ್ರಗತಿಶೀಲ, ನವ್ಯ, ದಲಿತ, ಬಂಡಾಯ ಯಾವ ಪಂಥಕ್ಕೂ ಸೇರದೆ ಒಬ್ಬ ಲೇಖಕ ಅರವತ್ತು ವರ್ಷ ಓದುಗರ ಬಲದ ಮೇಲೆ ನಿಂತಿದ್ದು ಸಣ್ಣ ಮಾತಲ್ಲ.

— ದಾಟು ಬಗ್ಗೆ ಏನನ್ನಿಸುತ್ತೆ ನಿಮಗೆ?

— ಅವರ ಅತಿ ಧೈರ್ಯದ ಪುಸ್ತಕ. 1973ರಲ್ಲಿ ಬಂತು, 75ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ. ಪೂಜಾರಿಯ ಮಗಳು ಸತ್ಯಭಾಮೆ, ಗೌಡ ಜಾತಿಯ ಮಂತ್ರಿಯ ಮಗ ಶ್ರೀನಿವಾಸ. ಜಾತಿ ದಾಟೋಕೆ ಹೊರಟಾಗ ಹಿಂದೆ ಸರಿಯೋದು ಯಾರು? ಹುಡುಗ. ದೃಢವಾಗಿ ನಿಂತುಕೊಳ್ಳೋದು ಆ ಹುಡುಗಿ. ತಾನೇ ಜನಿವಾರ ಹಾಕಿಕೊಳ್ತಾಳೆ, ತಾನೇ ದುಡೀತಾಳೆ. ನಾನು ತಾಲ್ಲೂಕು ಕಚೇರಿಗಳಲ್ಲಿ ದುಡಿದವನು. ಜಾತಿ ಅನ್ನೋದು ನಮ್ಮ ಕಡೆ ಬ್ರಾಹ್ಮಣ, ದಲಿತ ಅಂತ ಎರಡೇ ತುದಿಯಲ್ಲಿ ಇಲ್ಲ. ನಡುವೆ ಇರೋ ಗೌಡ, ಲಿಂಗಾಯತ, ಕುರುಬ, ಅವರ ಚುನಾವಣೆ, ಅವರ ಮಂತ್ರಿಗಿರಿ, ಅದರ ಲೆಕ್ಕಾಚಾರ ಎಲ್ಲ ಇದೆ. ಹಳೇ ಮೈಸೂರಿನ ಆ ನಡುವಿನ ಪಾಲನ್ನ ಇಷ್ಟು ಬಿಡಿಸಿ ಬರೆದ ಕಾದಂಬರಿ ಆಗ ಇನ್ನೊಂದಿರಲಿಲ್ಲ.

— ಸತ್ಯಭಾಮೆ ನನಗೂ ಇಷ್ಟ. ಕಾತ್ಯಾಯನಿಗೆ ಕೊಡದ್ದನ್ನ ಎಂಟು ವರ್ಷದ ಮೇಲೆ ಇವಳಿಗೆ ಕೊಟ್ಟಿದ್ದಾರೆ ಅನ್ನಿಸಿತು. ಪರ್ವದಲ್ಲಿ ಕುಂತಿಗೆ, ದ್ರೌಪದಿಗೆ ಅಷ್ಟು ಪುಟ ಕೊಟ್ಟು ಅವರ ಮೈಯ ನೋವನ್ನ ಬರೆದದ್ದೂ ಹಾಗೇ. ದೇವರನ್ನ, ಪವಾಡವನ್ನ ತೆಗೆದುಹಾಕಿ ಮಹಾಭಾರತ ಬರೆದರೆ ಏನು ಉಳಿಯುತ್ತೆ ಅಂದರೆ ಹಸಿವು, ಆಸೆ, ಹೆಣಗಳು ಕೊಳೆಯೋ ವಾಸನೆ. ಅದನ್ನ ಭಕ್ತರಿಗಾಗಿ ಬರೆದಿಲ್ಲ.

— 1979. ಅದನ್ನ ಅವರು ಬರೆದ ಹೊತ್ತಿಗೆ ಅವರ ಶಕ್ತಿ ತುದಿಯಲ್ಲಿತ್ತು.

— ಹಾಗಿದ್ದರೆ ಆವರಣ? ಅದನ್ನ ಹೇಗೆ ಒಪ್ಪಿಕೊಳ್ಳೋದು?

— ಅದನ್ನ ನೇರವಾಗಿ ಹೇಳ್ತೀನಿ. ಎನ್‌ಸಿಇಆರ್‌ಟಿಯಲ್ಲಿದ್ದಾಗ ಪಠ್ಯಪುಸ್ತಕದ ಸಮಿತಿಯೊಂದರಲ್ಲಿ, ದೇವಸ್ಥಾನ ಒಡೆದ ಇತಿಹಾಸವನ್ನ ಮಕ್ಕಳಿಗೆ ಹೇಳಬೇಕೋ ಬೇಡವೋ ಅಂತ ವಾದ ಬಂತು, ನಾನು ಸತ್ಯ ಮುಚ್ಚಬಾರದು ಅಂದೆ, ಸಮಿತಿಯಿಂದಲೇ ಹೊರಗೆ ಹೋದೆ ಅಂತ ಅವರೇ ಬರೆದುಕೊಂಡಿದ್ದಾರೆ. ಆ ಗಾಯ ಒಳಗೇ ಇತ್ತು. 2006ರಲ್ಲಿ ಟಿಪ್ಪು ವಿಷಯಕ್ಕೆ ಪತ್ರಿಕೆಯಲ್ಲಿ ದೊಡ್ಡ ಚರ್ಚೆ ಆಯಿತು, ಭೈರಪ್ಪ ಒಂದು ಕಡೆ, ಕಾರ್ನಾಡ ಇನ್ನೊಂದು ಕಡೆ. ಮಾರನೇ ವರ್ಷವೇ ಆವರಣ. ಐದು ತಿಂಗಳಲ್ಲಿ ಹತ್ತು ಮುದ್ರಣ. ಅನಂತಮೂರ್ತಿಯವರು ಅದನ್ನ ಕಾದಂಬರಿ ಅಂತಲೇ ಒಪ್ಪಲಿಲ್ಲ. ಭೈರಪ್ಪನವರ ಓದುಗರು ಅವರ ಮೇಲೆ ಮುಗಿಬಿದ್ದರು. ನಾನು ಕೊಂಡು ಓದಿದೆ. ಇತಿಹಾಸವನ್ನ ಮುಚ್ಚಬಾರದು ಅನ್ನೋದರಲ್ಲಿ ನಾನು ಅವರ ಜೊತೆ. ಆದರೆ ಕಾದಂಬರಿಯಾಗಿ ಅದು ನನಗೆ ಹಿಡಿಸಲಿಲ್ಲ. ನಮ್ಮ ಇಲಾಖೆಯಲ್ಲಿ ಕೆಟ್ಟ ಲೆಕ್ಕ ಅಂದರೆ ಯಾವುದು ಗೊತ್ತಾ? ಅಡಿಯಲ್ಲಿ ಮೊತ್ತವನ್ನ ಮೊದಲೇ ಬರೆದುಕೊಂಡು ಬಾಬುಗಳನ್ನ ಆಮೇಲೆ ತುಂಬೋದು. ಆವರಣದಲ್ಲಿ ಅದು ನನಗೆ ಕಾಣಿಸಿತು. ರಜಿಯಾ ಆಗಿದ್ದ ಲಕ್ಷ್ಮಿ ಯಾವ ತೀರ್ಮಾನಕ್ಕೆ ಬರ್ತಾಳೆ ಅಂತ ಮೊದಲ ಐವತ್ತು ಪುಟಕ್ಕೇ ಗೊತ್ತಾಗುತ್ತೆ. ಎದುರಿಗೆ ನಿಂತ ಪ್ರೊಫೆಸರ್ ಶಾಸ್ತ್ರಿಗೆ ಸರಿಯಾಗಿ ಮಾತಾಡೋ ಅವಕಾಶವೇ ಇಲ್ಲ. ಗಂಗಮ್ಮನಂಥ ಕೆಟ್ಟ ಅತ್ತೆಗೂ ಒಂದು ಜೀವ ಕೊಟ್ಟಿದ್ದ ಕೈ ಅದು. ಆ ನ್ಯಾಯ ಇಲ್ಲಿ ಸಿಗಲಿಲ್ಲ.

— ಕವಲು ಕೂಡ ಹಾಗೇ. ಹೆಣ್ಣುಮಕ್ಕಳ ಪರ ಇರೋ ಕಾನೂನಿನ ದುರುಪಯೋ‍ಗ ಅಂತ ಒಂದೇ ಎಳೆ ಹಿಡಿದು ಹೋಗುತ್ತೆ. ಓದುವಾಗ ನನಗೆ ಸಿಟ್ಟು ಬರಲಿಲ್ಲ, ಬೇಜಾರಾಯಿತು. ಗಂಡ ಏನೂ ಮಾಡದೆ ಹೆಂಡತಿ ದುಡಿಯೋ ಮನೆಯನ್ನ ಕನ್ನಡಕ್ಕೆ ತೋರಿಸಿಕೊಟ್ಟವರು ಇವರೇ ಅಲ್ಲವಾ ಅಂತ.

— ಆದರೂ ಆವರಣಕ್ಕೆ ಆರು ವರ್ಷ ಮುಂಚೆ ಮಂದ್ರ ಬಂದಿತ್ತು ಅನ್ನೋದನ್ನ ನೆನಪಿಡು. ಎಪ್ಪತ್ತು ವಯಸ್ಸಿನಲ್ಲಿ ಬರೆದದ್ದು. ಸರಸ್ವತಿ ಸಮ್ಮಾನ್ ಸಿಕ್ಕಿದ್ದು ಅದಕ್ಕೇ. ಅದರ ನಾಯಕ ಅಷ್ಟು ದೊಡ್ಡ ಸಂಗೀತಗಾರ, ಅಷ್ಟು ನೀಚ ಮನುಷ್ಯ. ಕಲೆ ಮನುಷ್ಯನನ್ನ ಒಳ್ಳೆಯವನನ್ನಾಗಿ ಮಾಡುತ್ತಾ ಅಂತ ಪ್ರಶ್ನೆ ಎತ್ತಿ ಉತ್ತರ ಕೊಡದೆ ಬಿಟ್ಟರು. ತಾವು ಪೂಜಿಸೋ ಸಂಗೀತವನ್ನೇ ಅಲ್ಲಿ ಪರೀಕ್ಷೆಗೆ ಇಟ್ಟಿದ್ದಾರೆ. ಅವರಿಗೆ ಏನು ಪ್ರೀತಿಯೋ ಅದರ ಮೇಲೆ ಬರೆದಾಗ ಅವರು ನಿಷ್ಠುರ, ಆಗ ದೊಡ್ಡ ಲೇಖಕ. ಎದುರಾಳಿಯ ಮೇಲೆ ಬರೆದಾಗ ಆ ನಿಷ್ಠುರತೆ ಒಂದೇ ಕಡೆಗೆ ತಿರುಗಿತು.

— ಈ ಮಾತನ್ನ ನಾನು ಪ್ರಬಂಧದಲ್ಲಿ ಹಾಕ್ಕೋಬಹುದಾ?

— ಹಾಕ್ಕೋ. ಆದರೆ ಪುಸ್ತಕದಿಂದ ಉದಾಹರಣೆ ಕೊಡು. ಇಲ್ಲದಿದ್ದರೆ ಅದೂ ಬರೀ ಅಭಿಪ್ರಾಯ ಆಗುತ್ತೆ.

— ಅವರ ಕೊನೆಯ ವರ್ಷಗಳ ಬಗ್ಗೆ ಏನಾದರೂ ಬರೆಯೋದು ಬೇಡವಾ? 2016ರಲ್ಲಿ ಪದ್ಮಶ್ರೀ, 2023ರಲ್ಲಿ ಪದ್ಮಭೂಷಣ, 2025ರ ಸೆಪ್ಟೆಂಬರ್ 24ಕ್ಕೆ ಬೆಂಗಳೂರಿನಲ್ಲಿ ತೀರಿಕೊಂಡರು. ಮೈಸೂರಿನಲ್ಲಿ ಸರ್ಕಾರಿ ಗೌರವದಿಂದ ಅಂತ್ಯಕ್ರಿಯೆ. ಇಷ್ಟೇ ನನ್ನ ಹತ್ತಿರ ಇರೋದು.

— ಪ್ರಶಸ್ತಿ ಪಟ್ಟಿ ಬಿಡು, ಅದು ಎಲ್ಲಿ ಬೇಕಾದರೂ ಸಿಗುತ್ತೆ. ಸಂತೇಶಿವರದ ಕೆರೆ ವಿಷಯ ಬರಿ. ಹುಟ್ಟೂರಿನ ಕೆರೆಗೆ, ಸುತ್ತಲ ಊರುಗಳ ಕೆರೆಗೆ ನೀರು ತುಂಬಿಸಬೇಕು ಅಂತ ಮುಖ್ಯಮಂತ್ರಿಗಳವರೆಗೂ ಹೋಗಿ ಕೇಳಿ, ಏತ ನೀರಾವರಿ ಯೋಜನೆ ಮಾಡಿಸಿಕೊಂಡರು. ತೊಂಬತ್ತು ದಾಟಿದ ವಯಸ್ಸಲ್ಲಿ. ನೀರು ಬಂದ ಮೇಲೆ ಹೋಗಿ ಬಾಗಿನ ಬಿಟ್ಟರು. ಊರಿನಲ್ಲಿ ತಾಯಿ ಗೌರಮ್ಮನ ಹೆಸರಿನ ಟ್ರಸ್ಟ್ ಇದೆ. ಪ್ಲೇಗು, ಬರ, ಬಡತನ ಇಷ್ಟನ್ನೇ ಕೊಟ್ಟ ಊರು ಅದು. ಆ ಊರಿನ ಋಣ ಇದೆ ಅಂತ ಅವರು ನಂಬಿದ್ದರು, ನಂಬಿದ ಹಾಗೆ ನಡಕೊಂಡರು. ಅವರ ಸಂಪ್ರದಾಯ ಏನು ಅಂತ ಸೆಮಿನಾರಿನಲ್ಲಿ ಯಾರಾದರೂ ಕೇಳಿದರೆ ಇದನ್ನೂ ಹೇಳು.

— ಹೇಳ್ತೀನಿ. ಆದರೆ ಶುರು ಮಾಡೋದು ಮಾತ್ರ ಕಾತ್ಯಾಯನಿಯಿಂದಲೇ. ಅದನ್ನ ನಾನು ಬಿಡಲ್ಲ.

— ಬಿಡಬೇಡ. ಅವಳಿಗೆ ಅನ್ಯಾಯ ಆಗಿದೆ ಅಂತ ನಿನಗೆ ಅನ್ನಿಸಿದರೆ ಹಾಗೇ ಬರಿ, ಮೆತ್ತಗೆ ಮಾಡಬೇಡ. ಎರಡನೇ ಅಧ್ಯಾಯದಲ್ಲಿ ನಂಜಮ್ಮನನ್ನ ತಗೋ. ಇಬ್ಬರನ್ನೂ ಒಬ್ಬರೇ ಬರೆದಿದ್ದಾರೆ, ಐದು ವರ್ಷದ ಅಂತರದಲ್ಲಿ. ಎರಡಕ್ಕೂ ರಾಜಿ ಮಾಡಿಸೋಕೆ ಹೋಗಬೇಡ. ಓದಿದವರು ಜಗಳ ಆಡಿಕೊಳ್ಳಲಿ.

— ಹಳೇ ಪಹಣಿಯ ನಕಲೊಂದು ಸಿಗುತ್ತಾ ದೊಡ್ಡಪ್ಪ? ಆ ಗೆರೆ, ಆ ಕಾಲಂಗಳು ಹೇಗಿರ್ತಿದ್ದವು ಅಂತ ನೋಡಿಕೊಂಡು ಬರೀಬೇಕು.

— ಸಿಗುತ್ತೆ. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಅರ್ಜಿ ಕೊಟ್ಟರೆ ದೃಢೀಕೃತ ನಕಲು ಕೊಡ್ತಾರೆ. ಸರ್ವೆ ನಂಬರು, ಹೋಬಳಿ, ವರ್ಷ ಸರಿಯಾಗಿ ಬರೀಬೇಕು. ಸೋಮವಾರ ಬೆಳಿಗ್ಗೆ ಹೋಗೋಣ, ಅರ್ಜಿ ನಾನೇ ಬರೆದುಕೊಡ್ತೀನಿ.